ಎಲ್ಲ ರೋಗಿಗಳ ಉಸಿರೂ ನಿಮಿಷಕ್ಕೆ 20 ಇರಲಾರದು: ನರ್ಸಿಂಗ್ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ರಾಜ್ಯದ ಶುಶ್ರೂಷಾ ಪರಿಷತ್ತಿನ ಹಿರಿಯರಿಗೆ, ಮತ್ತು ನನ್ನ ಹಾಗೆಯೇ ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಮಾಡುವ ಎಲ್ಲ ಸಹೋದ್ಯೋಗಿಗಳಿಗೆ,

ನಮಸ್ಕಾರ.

ನಾನು ನರ್ಸ್. ಎಂಟು ವರ್ಷ ವಾರ್ಡಿನಲ್ಲಿ ಡ್ಯೂಟಿ ಮಾಡಿ, ಆಮೇಲೆ ಎಂ.ಎಸ್ಸಿ. ನರ್ಸಿಂಗ್ ಓದಿ, ಈಗ ಹದಿನಾರು ವರ್ಷಗಳಿಂದ ಮಧ್ಯ ಕರ್ನಾಟಕದ ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದೇನೆ. ಕಚೇರಿಗಳಿಗೆ ಮನವಿ ಬರೆಯುವಾಗ ಇಂಗ್ಲಿಷೇ ರೂಢಿ. ಇದನ್ನು ಮಾತ್ರ ಕನ್ನಡದಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ. ಮಕ್ಕಳನ್ನು ನರ್ಸಿಂಗ್‌ಗೆ ಸೇರಿಸಿದ ತಂದೆತಾಯಂದಿರೂ, ನಾಳೆ ಆ ಮಕ್ಕಳ ಕೈಯಲ್ಲಿ ಆರೈಕೆ ಪಡೆಯುವವರೂ ಓದಬೇಕಾದ ವಿಷಯ ಇದು: ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್, ಅಂದರೆ ರೋಗಿಯ ಮಾಹಿತಿಯನ್ನು ಸರಿಯಾಗಿ ದಾಖಲಿಸಿ, ಕಂಪ್ಯೂಟರಿನ ನೆರವಿನಿಂದ ಆರೈಕೆಗೆ ಬಳಸುವ ವಿದ್ಯೆಯನ್ನು ನಾವು ಕಲಿಸುತ್ತಿರುವ ರೀತಿ.

ಮೊದಲು ನಡೆದದ್ದೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎರಡನೇ ಸೆಮಿಸ್ಟರಿನ ಮಕ್ಕಳಿಗೆ ಎಕ್ಸೆಲ್ ಕಲಿಸಬೇಕಿತ್ತು. ಪುಸ್ತಕದಲ್ಲಿದ್ದದ್ದು ಅಂಗಡಿಯ ಲೆಕ್ಕದ ಉದಾಹರಣೆ. ಅದು ಬೇಡವೆನ್ನಿಸಿ, ಮೇಟ್ರನ್ ಅವರ ಒಪ್ಪಿಗೆ ಪಡೆದು, ಒಂದು ಮೆಡಿಕಲ್ ವಾರ್ಡಿನಲ್ಲಿ ಜ್ವರ, ನಾಡಿ, ಉಸಿರು ಬರೆದಿಡುವ ಟಿ.ಪಿ.ಆರ್. ಚಾರ್ಟುಗಳಿಂದ ಅಂಕಿಗಳನ್ನಷ್ಟೇ ಬರೆದುಕೊಂಡು ಬರಲು ಹೇಳಿದೆ, ಹೆಸರು, ಐ.ಪಿ. ನಂಬರು, ಹಾಸಿಗೆ ನಂಬರು ಯಾವುದೂ ಇಲ್ಲದೆ. ಮಕ್ಕಳು ಅಂಕಿ ತುಂಬಿ ಗ್ರಾಫ್ ಎಳೆದರು. ಜ್ವರದ ಗೆರೆ ಏರಿ ಇಳಿಯುತ್ತಿತ್ತು, ನಾಡಿಯದೂ ಹಾಗೆಯೇ. ಉಸಿರಿನ ಗೆರೆ ಮಾತ್ರ ಸ್ಕೇಲಿಟ್ಟು ಎಳೆದಷ್ಟು ನೆಟ್ಟಗಿತ್ತು. 20, 20, 20. ನ್ಯುಮೋನಿಯಾ ಆದವರಿಗೂ 20, ನಾಳೆ ಡಿಸ್ಚಾರ್ಜ್ ಆಗುವವರಿಗೂ 20. ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮೇಡಂ, ನಿನ್ನೆ ನಾನೂ 20 ಅಂತಲೇ ಬರ್ದೆ. ಎಣಿಸ್ಲಿಲ್ಲ" ಅಂದಳು.

ಅವಳನ್ನು ನಾನು ಬೈಯಲಿಲ್ಲ. ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಂಡ ರಾತ್ರಿಗಳಲ್ಲಿ ನಾನೂ ಹಾಗೆ ಬರೆದದ್ದುಂಟು. ಎದೆಯ ಏರಿಳಿತ ನೋಡುತ್ತಾ ಒಂದು ಪೂರ್ತಿ ನಿಮಿಷ ನಿಲ್ಲುವುದಕ್ಕೆ ನಮಗೆ ಪುರುಸೊತ್ತು ಇರುವುದಿಲ್ಲ. ಆದರೆ ಆ ಒಂದು ಅಂಕಿಯ ಬೆಲೆ ಎಷ್ಟೆಂದು ಆ ದಿನ ಮಕ್ಕಳಿಗೆ ತೋರಿಸಿದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ 'ನ್ಯೂಸ್' ಎಂಬ ಅಂಕಪಟ್ಟಿಯಿದೆ. ರೋಗಿ ಕೈಮೀರುವ ಮೊದಲೇ ಎಚ್ಚರಿಸುವುದು ಅದರ ಕೆಲಸ. ಅದರಲ್ಲಿ ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ ಅಂಕ. 21ರಿಂದ 24 ಆದರೆ 2. 25 ಮುಟ್ಟಿದರೆ 3. ಆಮ್ಲಜನಕ, ಬಿ.ಪಿ., ನಾಡಿ, ಪ್ರಜ್ಞೆ, ಜ್ವರದ ಅಂಕಗಳೂ ಸೇರಿ ಒಟ್ಟು 5 ಆದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು. 7 ಆದರೆ ಅದು ಎಮರ್ಜೆನ್ಸಿ. ನಿಮಿಷಕ್ಕೆ 24 ಸಲ ಉಸಿರೆಳೆಯುತ್ತಿರುವವರ ಚಾರ್ಟಿನಲ್ಲಿ 20 ಅಂತ ಬರೆದರೆ ಎರಡು ಅಂಕ ಅಲ್ಲೇ ಅಳಿಸಿಹೋಯಿತು. ಕರೆಯಬೇಕಾದ ವೈದ್ಯರನ್ನು ಯಾರೂ ಕರೆಯುವುದಿಲ್ಲ. ಆ ಅಂಕಿಯನ್ನು ಎಷ್ಟೇ ದುಬಾರಿ ಸಾಫ್ಟ್‌ವೇರಿಗೆ ಹಾಕಿದರೂ ಅದು ಹೇಳುವುದು ಒಂದೇ: ಈ ರೋಗಿ ಚೆನ್ನಾಗಿದ್ದಾರೆ.

ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಅಂದರೆ ನನಗೆ ಇದು. ಅದು ಶುರುವಾಗುವುದು ರೋಗಿಯ ಮಂಚದ ಪಕ್ಕದಲ್ಲಿ, ಕೈಗಡಿಯಾರ ನೋಡುತ್ತಾ ಉಸಿರು ಎಣಿಸುವ ನರ್ಸಿನಿಂದ.

ಪಠ್ಯಕ್ರಮದ ಬಗ್ಗೆ ನನ್ನ ದೂರಿಲ್ಲ ಅನ್ನುವುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯವನ್ನು ಸೆಮಿಸ್ಟರ್ ಪದ್ಧತಿಗೆ ತಂದಾಗ ಎರಡನೇ ಸೆಮಿಸ್ಟರಿನಲ್ಲಿ 'ಹೆಲ್ತ್/ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಆ್ಯಂಡ್ ಟೆಕ್ನಾಲಜಿ' ಎಂಬ ವಿಷಯವನ್ನು ಇಟ್ಟಿತು. ಥಿಯರಿಗೆ 40 ಗಂಟೆ, ಲ್ಯಾಬಿಗೆ 40 ಗಂಟೆ. ಒಳಗೆ ಏನೇನಿದೆ ನೋಡಿ: ಆಸ್ಪತ್ರೆಯ ಮಾಹಿತಿ ವ್ಯವಸ್ಥೆ, ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ, ರೋಗಿಯ ಸುರಕ್ಷತೆ, ನಿರ್ಧಾರಕ್ಕೆ ನೆರವಾಗುವ ವ್ಯವಸ್ಥೆಗಳು, ಮಾಹಿತಿಯ ಕಾನೂನು, ಗುಣಮಟ್ಟ. ಬರೆದವರು ಚೆನ್ನಾಗಿ ಯೋಚಿಸಿ ಬರೆದಿದ್ದಾರೆ. ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ತೊಡಕು ಶುರುವಾಗುವುದು ಟೈಮ್ ಟೇಬಲ್ ಹಾಕುವಾಗ. "ಕಂಪ್ಯೂಟರ್ ವಿಷಯ ತಾನೆ, ಕಂಪ್ಯೂಟರ್ ಸರ್‌ಗೆ ಕೊಡಿ" ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಸ್ಟಾಫ್ ಮೀಟಿಂಗುಗಳಲ್ಲಿ ಕೇಳಿದ್ದೇನೆ. ಆ ಸರ್ ತಮಗೆ ಗೊತ್ತಿರುವುದನ್ನು ಪ್ರಾಮಾಣಿಕವಾಗಿ ಕಲಿಸುತ್ತಾರೆ: ವರ್ಡ್, ಪವರ್‌ಪಾಯಿಂಟ್, ಕಂಪ್ಯೂಟರಿನ ಭಾಗಗಳು. ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಎಂದರೇನು, ಇನ್‌ಚಾರ್ಜ್ ಸಿಸ್ಟರ್ ಯಾವ ರಿಜಿಸ್ಟರನ್ನು ಯಾವಾಗ ತೆರೆಯುತ್ತಾರೆ, ರಾತ್ರಿ ಪಾಳಿಯಲ್ಲಿ ಔಷಧಿ ಚಾರ್ಟು ಎಲ್ಲಿ ತಪ್ಪುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಅವರು ವಾರ್ಡಿನಲ್ಲಿ ಒಂದು ದಿನವೂ ನಿಂತವರಲ್ಲ, ನಿಲ್ಲಿ ಎಂದು ಯಾರೂ ಅವರಿಗೆ ಹೇಳಿಯೂ ಇಲ್ಲ. ವಿಷಯಕ್ಕಿರುವುದು 50 ಅಂಕ. ಪರೀಕ್ಷೆ ಕಾಲೇಜು ಮಟ್ಟದಲ್ಲೇ ಮುಗಿಯುತ್ತದೆ. ಹೊರಗಿನ ಪರೀಕ್ಷಕರು ಬಂದು ನೋಡುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಕಾಲೇಜೊಂದರಲ್ಲಿ ಲ್ಯಾಬಿನ ಗಂಟೆಗಳು ಕಾಗದದ ಮೇಲಷ್ಟೇ ನಡೆದವು. ಇನ್‌ಸ್ಪೆಕ್ಷನ್ ದಿನ ಕಂಪ್ಯೂಟರುಗಳ ಧೂಳು ಒರೆಸಿದ್ದು ನಾವೇ.

ಇಷ್ಟೊತ್ತಿಗೆ ಈ ಮಕ್ಕಳು ಹೋಗಿ ಸೇರುವ ಜಗತ್ತು ಎಲ್ಲಿಗೆ ತಲುಪಿದೆ ನೋಡಿ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ಒಬ್ಬೊಬ್ಬರ ಆರೋಗ್ಯ ಖಾತೆಗೆ ಸಿಗುವ 14 ಅಂಕಿಯ ಆಭಾ ನಂಬರನ್ನು ರೋಗಿಗೆ ವಿವರಿಸುವ ಕೆಲಸ ಎಷ್ಟೋ ಕಡೆ ನರ್ಸಿನ ಪಾಲಿಗೇ ಬರುತ್ತದೆ. ಕ್ಷಯಕ್ಕೆ ನಿಕ್ಷಯ್, ತಾಯಿ ಮಗುವಿಗೆ ಆರ್.ಸಿ.ಎಚ್. ಪೋರ್ಟಲ್, ದೂರದ ವೈದ್ಯರ ಸಲಹೆಗೆ ಇ-ಸಂಜೀವಿನಿ. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಸ್ಟೆತಾಸ್ಕೋಪಿನ ಪಕ್ಕದಲ್ಲೇ ಟ್ಯಾಬ್ ಇರುತ್ತದೆ. ಇದೆಲ್ಲವನ್ನೂ ನಮ್ಮ ಮಕ್ಕಳು ಕೆಲಸಕ್ಕೆ ಸೇರಿದ ಮೇಲೆ ಪಕ್ಕದವರನ್ನು ಕೇಳಿ, ತಪ್ಪು ಮಾಡಿ, ಬೈಸಿಕೊಂಡು ಕಲಿಯುತ್ತಿದ್ದಾರೆ.

ಕಮ್ಯೂನಿಟಿ ಪೋಸ್ಟಿಂಗಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ಅಜ್ಜಿ ಹೇಳಿದ ಮಾತು ಇನ್ನೂ ನೆನಪಿದೆ. ನಮ್ಮ ವಿದ್ಯಾರ್ಥಿನಿ ಆಭಾ ನಂಬರಿಗಾಗಿ ಒಟಿಪಿ ಕೇಳಿದಳು. ಅಜ್ಜಿ ಫೋನನ್ನು ಸೆರಗಿನೊಳಗೆ ಸರಿಸಿಕೊಂಡು, "ಫೋನಿಗೆ ಬಂದ ನಂಬರು ಯಾರಿಗೂ ಹೇಳಬ್ಯಾಡ ಅಂತ ಮೊಮ್ಮಗ ಹೇಳ್ಯಾನವ್ವ. ನೀನೇ ಕೇಳ್ತೀಯಲ್ಲ, ಯಾತಕ್ಕೆ?" ಅಂದರು. ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಕೇಳಿದ್ದು ನೂರಕ್ಕೆ ನೂರು ಸರಿ. ಒಪ್ಪಿಗೆ ಅಂದರೆ ಏನು, ಯಾವ ಮಾಹಿತಿ ಯಾರಿಗೆ ಹೋಗುತ್ತದೆ, ಬೇಡವೆಂದರೆ ಚಿಕಿತ್ಸೆ ನಿಲ್ಲುತ್ತದೆಯೇ ಎಂಬುದನ್ನು ಆಕೆಯ ಭಾಷೆಯಲ್ಲಿ ಹೇಳಲು ಬಾರದಿದ್ದರೆ ನರ್ಸ್ ಆ ಫೋನನ್ನು ಮುಟ್ಟಲೇಬಾರದು. ಪಠ್ಯದಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಘಟಕವಿದೆ. ಆ ಅಜ್ಜಿಗೆ ಕನ್ನಡದಲ್ಲಿ ಹೇಗೆ ಹೇಳಬೇಕು ಎಂಬುದನ್ನು ಕಲಿಸಬೇಕಾದವರು ನಾವು.

ತವರುಮನೆಯ ಹೆರಿಗೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ನಾಡಿನಲ್ಲಿ ದಾಖಲೆ ಏಕೆ ಮುಖ್ಯ ಎಂಬುದು ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಗರ್ಭಿಣಿಯ ಹೆಸರು ನೋಂದಾಯಿಸುವುದು ಗಂಡನ ಊರಿನಲ್ಲಿ. ತಾಯಿ ಕಾರ್ಡ್ ಸಿಗುವುದು ಅಲ್ಲಿ. ರಕ್ತ ಪರೀಕ್ಷೆ, ತೂಕ, ಬಿ.ಪಿ. ಎಲ್ಲವೂ ಅಲ್ಲೇ. ಏಳೋ ಒಂಬತ್ತೋ ತಿಂಗಳಿಗೆ ಸೀಮಂತ ಮಾಡಿ ಅವಳನ್ನು ತವರಿಗೆ ಕರೆದೊಯ್ಯುತ್ತಾರೆ. ಇನ್ನೊಂದು ತಾಲ್ಲೂಕು, ಎಷ್ಟೋ ಸಲ ಇನ್ನೊಂದು ಜಿಲ್ಲೆ. ರಾತ್ರಿ ಎರಡು ಗಂಟೆಗೆ ನೋವು ಶುರುವಾದಾಗ ಅವಳನ್ನು ಒಮ್ಮೆಯೂ ನೋಡದ ನರ್ಸ್ ಅವಳ ತಾಯಿ ಕಾರ್ಡ್ ಬಿಡಿಸುತ್ತಾಳೆ. ಆ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಜಾಗ ಖಾಲಿ ಇದ್ದರೆ? ಐದು ಭೇಟಿಯಲ್ಲೂ ಬಿ.ಪಿ. 120/80 ಎಂದೇ ಇದ್ದರೆ? ಪೋರ್ಟಲ್ ತೆರೆದರೆ ಹೆಸರೇ ಸಿಗದು. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಲಕ್ಷ್ಮಮ್ಮ ಇಂಗ್ಲಿಷಿಗೆ ಹೋದಾಗ ಒಬ್ಬರು 'ಕೆ.ಎಸ್.ಎಚ್.' ಹಾಕುತ್ತಾರೆ, ಇನ್ನೊಬ್ಬರು 'ಎಕ್ಸ್' ಹಾಕುತ್ತಾರೆ. ಒಬ್ಬಳೇ ಹೆಂಗಸು ಕಂಪ್ಯೂಟರಿನಲ್ಲಿ ಇಬ್ಬರಾಗುತ್ತಾಳೆ. ಹುಟ್ಟಿದ ಕೂಸಿಗೆ ನಾಮಕರಣ ಆಗುವವರೆಗೂ ಅದು 'ಬೇಬಿ ಆಫ್ ಲಕ್ಷ್ಮಮ್ಮ'. ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುವಾಗ ಆ ಕೂಸಿನ ಲಸಿಕೆಯ ಲೆಕ್ಕವೂ ಜೊತೆಗೆ ಹೋಗಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್, ಕೂಸಿನದು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ, ಮುಂದಿನ ಬಸಿರನ್ನು ಕಾಯುವ ಆ್ಯಂಟಿ-ಡಿ ಚುಚ್ಚುಮದ್ದು ಬೀಳಬೇಕು. ಕೊಟ್ಟಿದ್ದೇವೋ ಇಲ್ಲವೋ ಎಂಬುದನ್ನು ಬರೆಯದಿದ್ದರೆ ಅದರ ಬೆಲೆ ತೆರುವುದು ಮುಂದಿನ ಕೂಸು.

ಇದನ್ನು ನಾನು ತರಗತಿಯಲ್ಲಿ ಆಟದ ಹಾಗೆ ಆಡಿಸುತ್ತೇನೆ. ಕಂಪ್ಯೂಟರೂ ಬೇಡ. ಒಂದು ಗುಂಪು ಗಂಡನ ಊರಿನ ಆರೋಗ್ಯ ಕೇಂದ್ರ, ಇನ್ನೊಂದು ತವರಿನದು, ನಡುವೆ ಒಂದು ಪರದೆ. ಬರೆದ ಕಾಗದವಷ್ಟೇ ಆ ಕಡೆ ಹೋಗಬಹುದು, ಮಾತಾಡುವಂತಿಲ್ಲ. ಮೊದಲ ಸಲ ಆಡಿದಾಗ ತವರಿನ ಗುಂಪಿನ ಹುಡುಗರು ಪರದೆಯ ಈಚೆಯಿಂದ, "ಅಯ್ಯೋ, ರಕ್ತದ ಗುಂಪು ಬರ್ದೇ ಇಲ್ವಲ್ರೋ!" ಎಂದು ಕೂಗುತ್ತಾರೆ. ಆ ಕೂಗು ಬಂದ ಮೇಲೆ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಯ ಪಾಠ ಶುರು ಮಾಡಿದರೆ ಯಾರೂ ಆಕಳಿಸುವುದಿಲ್ಲ.

ಯಂತ್ರಗಳ ವಿಷಯದಲ್ಲೂ ಅಷ್ಟೇ. ರಕ್ತನಾಳಕ್ಕೆ ಔಷಧಿ ಹರಿಸುವ ಇನ್‌ಫ್ಯೂಷನ್ ಪಂಪಿಗೆ 5ರ ಬದಲು 50 ಒತ್ತಿದರೆ ಅದು 50ನ್ನೇ ಹರಿಸುತ್ತದೆ. ಹಾಗಾಗಿ ಪಂಪ್ ಒತ್ತುವುದನ್ನು ಕಲಿಸುವ ಮೊದಲು ಕೈಯಲ್ಲಿ ಲೆಕ್ಕ ಹಾಕಿ 'ಇಷ್ಟು ಬರಬೇಕು' ಎಂದು ಅಂದಾಜಿಸುವುದನ್ನು ಕಲಿಸಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಕೋವಿಡ್ ಮನೆಮನೆಗೂ ತಂದಿತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧಕರು ಒಂದು ಸಂಗತಿ ಪ್ರಕಟಿಸಿದರು: ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಆ ಸಾಧನ ಸರಿಯಾಗಿದೆ ಎಂದು ತೋರಿಸುವ ಪ್ರಸಂಗ ಬಿಳಿಯರಿಗಿಂತ ಕಪ್ಪು ವರ್ಣೀಯ ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು. ಆ ಅಧ್ಯಯನ ನಮ್ಮ ಜನರ ಮೇಲೆ ನಡೆದದ್ದಲ್ಲ, ಒಪ್ಪುತ್ತೇನೆ. ಆದರೆ ಬಿಸಿಲಲ್ಲಿ ದುಡಿದು ಕಪ್ಪಾದ ಬೆರಳುಗಳನ್ನು ದಿನವೂ ಹಿಡಿಯುವ ನಮ್ಮ ನರ್ಸುಗಳಿಗೆ ಈ ವಿಷಯ ಗೊತ್ತಿರಬೇಡವೇ? ಸಾಧನ 96 ಎನ್ನುತ್ತಿದೆ, ರೋಗಿ ಮಾತು ಮುಗಿಸಲಾರದೆ ಏದುಸಿರು ಬಿಡುತ್ತಿದ್ದಾರೆ. ಆಗ ರೋಗಿಯನ್ನು ನಂಬು ಎಂದು ಹೇಳಿಕೊಡುವವರು ಯಾರು?

ಖಾಸಗಿತನದ ಮಾತು ಬಂದರೆ ನನಗೆ ಭಯವೇ ಆಗುತ್ತದೆ. ಒಂದು ವಾರ್ಡಿಗೆ ಒಂದೇ ಲಾಗಿನ್, ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್: ಇದನ್ನು ಕಣ್ಣಾರೆ ಕಂಡಿದ್ದೇನೆ. ಪೊಲೀಸರಿಗೆ ತಿಳಿಸಬೇಕಾದ ಎಂ.ಎಲ್.ಸಿ. ಕೇಸೊಂದು ಕೋರ್ಟಿಗೆ ಹೋದ ದಿನ ಆ ಲಾಗಿನ್ ಯಾರ ಹೆಸರಿನಲ್ಲಿದೆಯೋ ಅವರು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ, ತಾನು ಬರೆಯದೇ ಇದ್ದುದಕ್ಕೆ. ಕೇಸ್ ಶೀಟಿನ ಫೋಟೋ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ಯಾರೂ ನೋಡುವುದಿಲ್ಲ. ಒಬ್ಬರಿಗೆ ಎಚ್.ಐ.ವಿ. ಇದೆ ಎಂಬುದನ್ನು ಸಾಮಾನ್ಯವಾಗಿ ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು 2017ರ ಕಾಯ್ದೆ ಹೇಳುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಪರೀಕ್ಷೆಗಾಗಿ ಕಾಯ್ದೆಗಳ ಹೆಸರು ಬಾಯಿಪಾಠ ಮಾಡಿದ ಹುಡುಗನೇ ಸಂಜೆ ವಾರ್ಡಿನಲ್ಲಿ ನಿಂತು ರೀಲ್ಸ್ ಮಾಡುತ್ತಾನೆ, ಹಿಂದೆ ರೋಗಿಯ ಮುಖ. ಎರಡಕ್ಕೂ ಇರುವ ನಂಟನ್ನು ನಾವು ತೋರಿಸಿಕೊಟ್ಟಿಲ್ಲ.

ಕಂಪ್ಯೂಟರು ಕೈಕೊಟ್ಟ ದಿನದ ಪಾಠವೂ ಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ ಅಲ್ಲಿನ ಕೆಲಸ ದಿನಗಟ್ಟಲೆ ಕಾಗದ ಪೆನ್ನಿಗೆ ಮರಳಿತ್ತು. ಪರದೆಯ ಮೇಲೆ ಮಾತ್ರ ಬರೆದು ರೂಢಿಯಾದವರಿಗೆ ಆಗ ಏನು ಮಾಡಬೇಕೆಂದು ತೋಚದು.

ಪ್ರತಿ ವರ್ಷ ನಮ್ಮ ಕಾಲೇಜುಗಳಲ್ಲಿ ದೀಪ ಬೆಳಗಿಸಿ ಪ್ರತಿಜ್ಞೆ ಮಾಡಿಸುತ್ತೇವೆ. ಫ್ಲಾರೆನ್ಸ್ ನೈಟಿಂಗೇಲ್ ಕೈಯಲ್ಲಿದ್ದ ದೀಪ ಎಲ್ಲರಿಗೂ ಗೊತ್ತು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರೆಂದು ಬಣ್ಣದ ನಕ್ಷೆ ಬರೆದು ಸರ್ಕಾರಕ್ಕೆ ತೋರಿಸಿದವರೂ ಅವರೇ. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಸದಸ್ಯರಾಗಿ ಆಯ್ಕೆಯಾದ ಮೊದಲ ಮಹಿಳೆ ಅವರು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ದಾಖಲೆ ಇಡಬೇಕೆಂದು ಹಟ ಹಿಡಿದಿದ್ದರು. ಅಂಕಿಯ ಕೆಲಸ ನರ್ಸಿಂಗ್‌ಗೆ ಹೊರಗಿನಿಂದ ಬಂದದ್ದಲ್ಲ ಎಂದು ನನ್ನ ಮಕ್ಕಳಿಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಇನ್ನೊಬ್ಬ ನರ್ಸಿನ ಕಥೆಯನ್ನೂ ಹೇಳುತ್ತಿರುತ್ತೇನೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಸ್ಯೂ ಕಿನ್ನಿಕ್, 1992ರಲ್ಲಿ ಬಾಡಿಗೆ ಕಾರು ಹಿಂದಿರುಗಿಸಲು ಹೋದಾಗ ಅಲ್ಲಿನ ಕೆಲಸಗಾರ ಕಾರಿನ ಮೇಲಿನ ಬಾರ್‌ಕೋಡನ್ನು ಕೈಯಲ್ಲಿದ್ದ ಯಂತ್ರದಿಂದ ಓದುವುದನ್ನು ಕಂಡರು. ಕಾರಿಗೆ ಇದಾಗುವುದಾದರೆ ರೋಗಿಗೆ ಕೊಡುವ ಔಷಧಿಗೆ ಏಕಾಗಬಾರದು ಎಂಬ ಯೋಚನೆ ಅವರಿಗೆ ಬಂತು. ರೋಗಿಯ ಕೈಪಟ್ಟಿ, ಔಷಧಿ ಎರಡನ್ನೂ ಓದಿ ತಾಳೆ ನೋಡುವ ವ್ಯವಸ್ಥೆ ಆ ಆಸ್ಪತ್ರೆಯಲ್ಲೇ ಶುರುವಾಗಿ, ಮುಂದೆ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆಲ್ಲ ಹರಡಿತು. ಔಷಧಿ ಟ್ರೇ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದವರಿಗೆ ಮಾತ್ರ ಹೊಳೆಯುವ ವಿಚಾರ ಅದು. ನಮ್ಮ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಕೊಳ್ಳುವ ಸಮಿತಿಗಳಲ್ಲಿ ವಾರ್ಡಿನ ನರ್ಸ್ ಎಷ್ಟು ಕಡೆ ಕೂತಿದ್ದಾರೆ? ಒಂದೇ ಬಿ.ಪಿ.ಯನ್ನು ಕೇಸ್ ಶೀಟಿಗೂ ರಿಜಿಸ್ಟರಿಗೂ ಪೋರ್ಟಲಿಗೂ ಮೂರು ಸಲ ಬರೆಯುವವರನ್ನು ಕೇಳದೆಯೇ ನಾಲ್ಕನೆಯದೊಂದು ಬರುತ್ತದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಈ ವಿಷಯವನ್ನು ನರ್ಸಿಂಗ್ ಬೋಧಕರಿಗೇ ಕೊಡಿ, ಕೊಡುವ ಮೊದಲು ನಮಗೆ ಕಲಿಸಿ. ನಾವು ಓದುವಾಗ ಈ ವಿಷಯ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಮಕ್ಕಳೆದುರು ಮೌಸ್ ಹಿಡಿಯಲು ಈಗಲೂ ಹಿಂಜರಿಯುತ್ತೇವೆ. ಪ್ರತಿ ಕಾಲೇಜಿನಿಂದ ಕಡೇಪಕ್ಷ ಒಬ್ಬ ಬೋಧಕರನ್ನು ಎಲೆಕ್ಟ್ರಾನಿಕ್ ದಾಖಲೆ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಯೊಂದರಲ್ಲಿ ಎರಡು ವಾರ ನಿಲ್ಲಿಸಿ. ಸಭಾಂಗಣದ ಒಂದು ದಿನದ ಕಾರ್ಯಾಗಾರ, ಕೊನೆಗೆ ಸರ್ಟಿಫಿಕೇಟು, ಗ್ರೂಪ್ ಫೋಟೋ, ಅದು ಬೇಡ. ಬೆಳಗಿನ ಹ್ಯಾಂಡೋವರಿನಿಂದ ರಾತ್ರಿಯ ಹ್ಯಾಂಡೋವರಿನವರೆಗೆ ನರ್ಸುಗಳ ಜೊತೆ ನಿಂತು ನೋಡಲಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸುವ ತಂತ್ರಾಂಶಗಳ ಅಭ್ಯಾಸದ ಪ್ರತಿಯೊಂದನ್ನು, ಕಾಲ್ಪನಿಕ ರೋಗಿಗಳನ್ನು ತುಂಬಿ, ಕಾಲೇಜುಗಳಿಗೆ ಕೊಡಿಸಿ. ನಿಜವಾದ ರೋಗಿಯ ದಾಖಲೆಯ ಮೇಲೆ ಮಕ್ಕಳು ಕೈ ಪಳಗಿಸುವುದು ತಪ್ಪು, ಪಳಗಿಸದೇ ಕೆಲಸಕ್ಕೆ ಹೋಗುವುದು ಇನ್ನೂ ದೊಡ್ಡ ತಪ್ಪು. ಎರಡನೇ ಸೆಮಿಸ್ಟರಿನಲ್ಲಿ ಮುಗಿಸಿ ಮರೆಯುವ ಬದಲು ಮಕ್ಕಳ ವಾರ್ಡಿಗೂ ಹೆರಿಗೆ ವಾರ್ಡಿಗೂ ಹಳ್ಳಿಯ ಪೋಸ್ಟಿಂಗಿಗೂ ಇದನ್ನು ಎಳೆದು ತನ್ನಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ಸ್ಟೇಷನ್ ಇರಲಿ: ಇಗೋ ರೋಗಿ, ಇಗೋ ಗಡಿಯಾರ, ಎಣಿಸು, ದಾಖಲಿಸು, ಯಾರನ್ನು ಕರೆಯುತ್ತೀಯ ಹೇಳು. ಪದವಿಗಿಂತ ಕೆಳಗಿನ ನರ್ಸಿಂಗ್ ಕೋರ್ಸುಗಳಾದ ಜಿ.ಎನ್.ಎಂ. ಮತ್ತು ಎ.ಎನ್.ಎಂ. ಮಕ್ಕಳನ್ನು ಮರೆಯಬೇಡಿ, ಹಳ್ಳಿಯ ದಾಖಲೆಯ ಭಾರ ಹೊರುವವರು ಹೆಚ್ಚಾಗಿ ಅವರೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿವರಣೆ ಕನ್ನಡದಲ್ಲೂ ಸಿಗಲಿ. ಇನ್‌ಸ್ಪೆಕ್ಷನ್‌ಗೆ ಬರುವವರು ಕಂಪ್ಯೂಟರುಗಳನ್ನು ಎಣಿಸಿ ಹೋಗದೆ, ಒಬ್ಬ ವಿದ್ಯಾರ್ಥಿಯನ್ನು ಕರೆದು ಕೂರಿಸಿ, "ಈ ರೋಗಿಯ ನಿನ್ನೆಯ ಸ್ಥಿತಿ ಇದರಲ್ಲಿ ಹುಡುಕಿ ತೋರಿಸು" ಎನ್ನಲಿ.

ರೋಗಿಯ ಆರೈಕೆಯ ಯೋಜನೆ ಬರೆಯುವ ನರ್ಸಿಂಗ್ ಕೇರ್ ಪ್ಲಾನುಗಳನ್ನು ಮಕ್ಕಳು ಈಗ ಎ.ಐ.ನಿಂದ ಬರೆಸಿಕೊಂಡು ಬರುತ್ತಾರೆ ಎಂದು ಸಹೋದ್ಯೋಗಿಗಳು ಬೇಸರಪಡುತ್ತಾರೆ. ನಾನು ಅದನ್ನು ಬೇಡವೆನ್ನುವುದಿಲ್ಲ, ಒಂದು ನಿಯಮವಿಟ್ಟಿದ್ದೇನೆ. ರೋಗಿಯ ಗುರುತು ಯಾವುದನ್ನೂ ಅದಕ್ಕೆ ಕೊಡಕೂಡದು. ಬಂದ ಹಾಳೆಯನ್ನು ಹಿಡಿದು ರೋಗಿಯ ಬಳಿ ಹೋಗಿ, ಈ ರೋಗಿಗೆ ಹೊಂದದ ಸಾಲುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು, ಹಾಳೆಯಲ್ಲಿಲ್ಲದೆ ಮಂಚದ ಬಳಿ ಕಂಡದ್ದನ್ನು ಅಂಚಿನಲ್ಲಿ ಬರೆಯಬೇಕು. ನಾನು ಅಂಕ ಕೊಡುವುದು ಕೆಂಪು ಗೆರೆಗಳಿಗೆ ಮತ್ತು ಅಂಚಿನ ಬರಹಕ್ಕೆ. ಕಳೆದ ಸಲ ಒಬ್ಬ ಹುಡುಗ ಅಂಚಿನಲ್ಲಿ ಬರೆದಿದ್ದ: 'ಅಜ್ಜ ಮಾತ್ರೆ ನುಂಗುತ್ತಿಲ್ಲ, ದಿಂಬಿನ ಕೆಳಗೆ ಇಡುತ್ತಿದ್ದಾರೆ.'

ನಮ್ಮ ಪರದೆಯ ಆಟ, ಉಸಿರಿನ ಗ್ರಾಫಿನ ಅಭ್ಯಾಸ, ಒಟಿಪಿ ಕೇಳುವ ಮೊದಲು ಹೇಳಬೇಕಾದ ಕನ್ನಡದ ಮಾತುಗಳು ಎಲ್ಲವನ್ನೂ ಬರೆದಿಟ್ಟಿದ್ದೇನೆ. ಯಾವ ಕಾಲೇಜು ಕೇಳಿದರೂ ಕೊಡುತ್ತೇನೆ, ನನ್ನ ಹೆಸರು ಹಾಕಬೇಕಾಗಿಲ್ಲ. ನಿಮ್ಮಲ್ಲಿ ಯಾರಾದರೂ ಬಂದು ನೋಡುವುದಾದರೆ ಗುರುವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ. ಆ ಹೊತ್ತಿಗೆ ನನ್ನ ಮಕ್ಕಳು ಮೆಡಿಕಲ್ ವಾರ್ಡಿನಲ್ಲಿ ಕೈಗಡಿಯಾರ ಹಿಡಿದು ಎಣಿಸುತ್ತಿರುತ್ತಾರೆ. ಪೂರ್ತಿ ಒಂದು ನಿಮಿಷ.

ಇಂತಿ ವಿಶ್ವಾಸದಿಂದ,
ಒಬ್ಬ ನರ್ಸಿಂಗ್ ಬೋಧಕಿ